ಜಾಹೀದಾಳ ಕಡೇ ನುಡಿ

ರಾಣೆಬೆನ್ನೂರಿನ ಬಸ್ ಸ್ಟ್ಯಾಂಡಿನಿಂದ ಹೊರಬಿದ್ದ ಸಲಾವುದ್ದೀನನಿಗೆ ಮೊದಲು ಕೇಳಿಸಿದ್ದು ತಂಗಿಯ ದನಿ. ಜಾಹೀದಾ ಮೋಟೆಬೆನ್ನೂರಿನ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಅವಳ ದನಿ ಮಾತ್ರ ಇಲ್ಲಿ ಕೊಟ್ರಪ್ಪನ ಕ್ಯಾಸೆಟ್ ಅಂಗಡಿಯಿಂದ ಬೀದಿಗೆ ಬೀಳುತ್ತಿತ್ತು. ಅವಳದೇ ದಪ್ಪಿನ ಪೆಟ್ಟು, ಬೆನ್ನಿಗೆ ತನ್ನ ತುಂತುಣಿಯ ತಂತಿ. ಎದೆ ಉಬ್ಬಿತು. ಓಡಿದ.

ಗಾಜಿನೊಳಗಿನ ಕ್ಯಾಸೆಟ್ಟಿನ ಮೇಲೆ ಕೊಟ್ರಪ್ಪನ ಫೋಟೋ. ಜರಿ ರುಮಾಲು, ಜನ್ಮದಲ್ಲಿ ಬಾರಿಸದ ದಪ್ಪು ಎದೆಗೆ, ಹಲ್ಲು ಕಿಸಿದ ಬಾಯಿ. ‘ಕೊಟ್ರಪ್ಪ ಮತ್ತು ಸಂಗಡಿಗರ ಗೀಗೀ ಪದಗಳು.’ ಸಲಾವುದ್ದೀನ ನಾಲ್ಕನೇ ಇಯತ್ತೆಗೇ ಸಾಲಿ ಬಿಟ್ಟವನು. ಅಕ್ಷರ ಕೂಡಿಸಿಕೊಂಡು ಎರಡು ಸಲ ಓದಿದ. ತಂಗಿಯ ಹೆಸರಿಲ್ಲ. ತನ್ನದೂ ಇಲ್ಲ.

‘ಏನ್ರೀ ಇದು? ಹೆಣ್ಣಿನ ದನಿ ನಿಮ್ಮ ಗಂಟಲದಾಗಿಂದ ಬಂತೇನು?’

ಕೊಟ್ರಪ್ಪ ಚಹಾದ ಕಪ್ಪು ಕೆಳಗಿಡಲಿಲ್ಲ. ‘ಸಂಗಡಿಗರು ಅಂತ ಐತಲ್ಲೋ ತಮ್ಮಾ. ನೀವಿಬ್ರೂ ಅದರಾಗ ಬಂದ್ರಿ.’

ಅಷ್ಟರಲ್ಲಿ ನಾಲ್ಕನೇ ನುಡಿ ಮುಗಿದು ಟೇಪು ಟಕ್ಕೆಂದು ನಿಂತಿತು.

‘ಕಡೇ ನುಡಿ ಎಲ್ಲೈತಿ?’

ಗೀಗೀ ಪದಕ್ಕೆ ಕಡೇ ನುಡಿಯೇ ಹಕ್ಕುಪತ್ರ. ಪದ ಕಟ್ಟಿದವರು ಯಾರು, ಯಾವ ಊರಿನವರು ಎಂದು ಅಲ್ಲಿ ಹಾಡಿ ಹೇಳಬೇಕು. ಹೇಳದಿದ್ದರೆ ಅದು ಕದ್ದ ಪದ. ಬ್ಯಾಡಗಿಯ ಕಣದಲ್ಲಿ ದಿನವಿಡೀ ಮೆಣಸಿನಕಾಯಿ ತೊಟ್ಟು ಬಿಡಿಸಿ, ಸಂಜೆಗೆ ಉರಿಯುವ ಕೈಯಿಂದ ಮಕ್ಕಳ ತಲೆಯನ್ನೂ ಸವರಲಾರದ ಅವ್ವ ದೌಲತಬಿಯ ಮೇಲೆ ಜಾಹೀದಾ ಕಟ್ಟಿದ ಪದ ಅದು. ಹದಿನಾರರ ಹುಡುಗಿ ಕಟ್ಟಿದ ಮೊದಲನೇ ಪದ.

‘ಟೇಪ್ ಸಾಲಂಗಿಲ್ಲ, ಕಡೇ ನುಡಿ ಬಿಡ್ರಿ ಅಂತ ಹಾವೇರ್ಯಾಗ ಹೇಳಿದ್ನಿಲ್ಲೋ? ಹ್ಞೂಂ ಅಂದಾಂವ ಯಾರು? ನಿಮ್ಮಪ್ಪ ಇಸಾಕಸಾಬನ? ನೀನ!’

ಖರೆ. ಹಾವೇರಿಯ ಆ ಗೋಣಿಚೀಲ ಕಟ್ಟಿದ ರೆಕಾರ್ಡಿಂಗ್ ಕೋಣೆಯಲ್ಲಿ ಜಾಹೀದಾ ದಪ್ಪು ನಿಲ್ಲಿಸಿ ಅಣ್ಣನ ಮುಖ ನೋಡಿದ್ದಳು. ಕ್ಯಾಸೆಟ್ ಮೇಲೆ ದೊಡ್ಡದಾಗಿ ಹೆಸರು ಹಾಕುತ್ತೇನೆ ಎಂದಿದ್ದ ಕೊಟ್ರಪ್ಪ. ಅದನ್ನು ನಂಬಿ ಇವನೇ ಕಣ್ಸನ್ನೆ ಮಾಡಿದ್ದ: ಬಿಡು.

‘ಹೆಸರ ಹಾಕ್ತೀನಿ ಅಂದಿದ್ದಿ!’

‘ಹಾಕೀನಲ್ಲ, ನಂದು. ಸಾಬರ ಹುಡುಗೀ ಹೆಸರ ನೋಡಿ ಗೀಗೀ ಪದ ಯಾರು ತಗೋತಾರ? ಗುರುವಾರ ಬ್ಯಾಡಗಿ ಪ್ಯಾಟ್ಯಾಗ ಗಾಡಿ ಮ್ಯಾಲ ಮೈಕ್ ಹಚ್ಚಿ ಮಾರಾಕ ಹೊಂಟೇನಿ. ಬರ್ರಿ, ಹಿಂದ ನಿಂತು ಚಪ್ಪಾಳಿ ಹೊಡೀರಿ.’

ಸಲಾವುದ್ದೀನ ಗಾಜಿಗೆ ಮುಷ್ಟಿ ಎತ್ತಿದ. ಒಳಗೆ ಕೊಟ್ರಪ್ಪನ ಫೋಟೋ. ಅದರ ಮೇಲೆಯೇ ತನ್ನ ಮುಖ ಮೂಡಿತ್ತು. ಯಾವುದಕ್ಕೆ ಹೊಡೆಯುವುದು? ಕೈ ಇಳಿಸಿ ಬಸ್ ಹತ್ತಿದ.

ಮನೆಯಲ್ಲಿ ಎಲ್ಲ ಹೇಳಿ, ‘ಅವನ ಅಂಗಡಿಗೆ ಬೆಂಕಿ ಹಚ್ತೀನಿ’ ಎಂದು ಕೂಗಾಡಿದ.

ಜಾಹೀದಾ ತವೆಯ ಮೇಲಿನ ರೊಟ್ಟಿ ತಿರುವಿದಳು. ‘ಹಚ್ಚು. ಆಮ್ಯಾಲ ನಿನಗ ಯಾರು ಹಚ್ಚಬೇಕು, ಭಾಯಿ?’

‘ಜಾಹೀದಾ...’

‘ನನ್ನ ಪದ. ನನ್ನ ಕೇಳಿದ್ಯಾ? ಅವ ಕಳ್ಳ, ಕದ್ದ. ಬಾಗಿಲಾ ತಗದಾಂವ ನೀನು.’ ಹಿಟ್ಟಿನ ಕೈ ಒರೆಸಿಕೊಂಡಳು. ‘ಗುರುವಾರ ತುಂತುಣಿ ತಗೊಂಡು ಬಾ. ಅಲ್ಲಿ ಮಾತಾಡಬ್ಯಾಡ. ನಾ ಏನ್ ಹಾಡ್ತೀನೋ ಅದನ್ನ ಹಿಂದಿಂದ ಎತ್ತಿ ಹಾಡಿ ಸೂರು ಹಿಡಿ, ಸಾಕು.’

ಗುರುವಾರ ಬ್ಯಾಡಗಿಯ ಕಣವೆಲ್ಲ ಕೆಂಪಗೆ ಹರಡಿತ್ತು. ಘಾಟಿಗೆ ಮೂಗು ಕಟ್ಟಿಕೊಂಡು ಹೆಂಗಸರು ತೊಟ್ಟು ಬಿಡಿಸುತ್ತಿದ್ದರು. ಗಾಡಿಯ ಮೇಲೆ ಕೊಟ್ರಪ್ಪ, ಅದೇ ರುಮಾಲು. ಟೇಪು ಹಚ್ಚಿದ. ‘ಅವ್ವಾ, ನಿನ್ನ ಕೈ ಯಾಕ ಉರೀತೈತಿ’ ಎಂಬ ಸೊಲ್ಲು ಕೇಳಿದ್ದೇ ಹೆಂಗಸರ ಕೈ ತಡೆದವು. ದೌಲತಬಿ ತಲೆ ತಗ್ಗಿಸಿದಳು. ನಾಲ್ಕು ನುಡಿ ಮುಗಿದವು. ಟಕ್.

‘ಏ ಕೊಟ್ರಪ್ಪಾ,’ ಎಂದಳು ಅವರಲ್ಲಿ ಹಿರಿಯಳಾದ ಫಕ್ಕೀರವ್ವ, ‘ಕಡೇ ನುಡಿ ನುಂಗಿದೇನೋ? ಯಾರ ಪದ ಇದು?’

‘ನಂದ ಬೇ, ಫೋಟೋ ಕಾಣವಲ್ದಾ?’

‘ನಿನ್ನ ಕೈ ಯಾವಾಗ ಉರಿದಿತ್ತು?’

ಹೆಂಗಸರು ಕಿಸಕ್ಕೆಂದರು. ಆ ನಗೆಯ ನಡುವಿಂದಲೇ ದಪ್ಪು ಎದ್ದಿತು. ಅವ್ವನ ಪಕ್ಕದಲ್ಲಿ ಕೂತಿದ್ದ ಜಾಹೀದಾ ನಿಂತಳು. ಸಲಾವುದ್ದೀನ ತಂತಿ ಮೀಟಿದ. ಈ ನುಡಿ ಅವನಿಗೆ ಬಾಯಿಪಾಠ: ‘ಜಾಹೀದಾ ಆಕಿ, ಬೆನ್ನಿಗೆ ಅಣ್ಣ ಸಲಾವುದ್ದೀನ ಸೂರು ಹಿಡದಾನ’. ತನ್ನ ಹೆಸರು ಬರುವ ಜಾಗಕ್ಕೆ ದನಿ ಏರಿಸಲು ಉಸಿರು ತುಂಬಿಕೊಂಡ.

‘ಮೋಟೆಬೆನ್ನೂರ ಊರಾಗ ಹುಟ್ಟಿ
ದೌಲತಬಿ ಮಗಳು ಕಟ್ಯಾಳ ಪದವ
ಜಾಹೀದಾ ಆಕಿ, ಒಬ್ಬಾಕಿ ಕಟ್ಟಿ
ಒಬ್ಬಾಕಿ ನಿಂತು ಹಾಡ್ಯಾಳ...’

ತುಂಬಿಕೊಂಡ ಉಸಿರು ಅಲ್ಲೇ ಉಳಿಯಿತು. ಜಾಹೀದಾ ತಿರುಗಿ ನೋಡಲಿಲ್ಲ. ದಪ್ಪಿಗೆ ಇನ್ನೊಂದು ಪೆಟ್ಟು ಬಿತ್ತು, ಸೂರು ಬರಲಿ ಎಂದು.

ಗಾಡಿಯ ಮೇಲೆ ಕೊಟ್ರಪ್ಪ ಅವಳ ದನಿ ಮುಳುಗಿಸಲು ಟೇಪನ್ನು ಮತ್ತೆ ಹಚ್ಚುತ್ತಿದ್ದ. ಸಲಾವುದ್ದೀನನಿಗೆ ಕಣ್ಣು ಉರಿದವು. ಮೆಣಸಿನಕಾಯಿಯ ಘಾಟು ಎಂದುಕೊಳ್ಳಲು ಸುತ್ತ ಬೇಕಾದಷ್ಟಿತ್ತು. ಅವನು ಗಂಟಲು ಬಿಚ್ಚಿದ. ತನ್ನ ಹೆಸರಿಲ್ಲದ ನುಡಿಯನ್ನು, ಕೊಟ್ರಪ್ಪನ ಮೈಕಿಗಿಂತ ಮೇಲೆ ಕೇಳುವಂತೆ, ಅಕ್ಷರ ಬಿಡದೆ ಎತ್ತಿ ಹಾಡಿದ.

‘ಒಬ್ಬಾಕಿ ನಿಂತು ಹಾಡ್ಯಾಳ!’