ಕತ್ತರಿಗೆ ಬೀಗ

ಬಟ್ಟೆ ಹೊಲಿಯೋರ ಮನೆಯಲ್ಲಿ ಕತ್ತರಿಗೆ ಬೀಗ ಹಾಕಿದ್ದನ್ನು ನೀವು ಎಲ್ಲಾದರೂ ಕಂಡಿದ್ದೀರಾ? ನಮ್ಮ ಟೈಲರಮ್ಮ ಹಾಕಿದ್ದಳು. ದೊಡ್ಡ ಕತ್ತರಿ, ನೂಲು ಕತ್ತರಿಸೋ ಚಿಕ್ಕ ಕತ್ತರಿ, ಬ್ಲೇಡು, ಕೊನೆಗೆ ಅಡುಗೆಮನೆಯ ಚಾಕು, ಎಲ್ಲ ಟ್ರಂಕಿನೊಳಗೆ. ಟ್ರಂಕಿನ ಕೀಲಿ ಅವಳ ಕುತ್ತಿಗೆಯ ದಾರದಲ್ಲಿ. ಒಂದು ಅಂಗಿ ಕತ್ತರಿಸೋದಕ್ಕೆ ಹತ್ತು ಸಲ ಬಗ್ಗಿ ಬಗ್ಗಿ ಸೊಂಟ ಹಿಡಿದುಕೊಂಡಿತ್ತು. ಆದರೂ ಬಿಡಲಿಲ್ಲ. ಯಾರಿಗೆ ಹೆದರಿ ಅಂತೀರಾ? ಹನ್ನೊಂದು ವರ್ಷದ ಹೆತ್ತ ಮಗಳಿಗೆ ಹೆದರಿ!

ಮಗಳನ್ನು ಎಲ್ಲರೂ ಕರೆಯೋದು ಗುಂಡಿ ಅಂತ. ಎರಡು ವರ್ಷದವಳಿದ್ದಾಗ ಅಂಗಿ ಗುಂಡಿಯನ್ನು ಮೂಗಿಗೆ ಏರಿಸಿಕೊಂಡು ಮನೆಮಂದಿಯನ್ನೆಲ್ಲ ಆಸ್ಪತ್ರೆಗೆ ಓಡಿಸಿದ್ದಕ್ಕೆ ಬಂದ ಹೆಸರು. ಅಮ್ಮನ ಮಷೀನಿನ ಪಕ್ಕದಲ್ಲೇ ಕೂತು, ನೂಲು ಕತ್ತರಿಸಿಕೊಡ್ತಾ ಬೆಳೆದವಳು. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು, ಸಿಟ್ಟು ಮಾತ್ರ ಸದಾ ಮೂಗಿನ ತುದೀಲೇ.

ಅವಳ ಅಪ್ಪ ಜೈಲಿನಲ್ಲಿದ್ದಾನೆ. ನಾಲ್ಕು ವರ್ಷದ ಹಿಂದೆ, ಕುಡಿದ ಮತ್ತಿನಲ್ಲಿ, ಗ್ಯಾರೇಜಿನ ಜೊತೆ ಕೆಲಸಗಾರನ ತಲೆಗೆ ಕಬ್ಬಿಣದ ಸಲಾಕೆಯಲ್ಲಿ ಹೊಡೆದ. ಆ ಮನುಷ್ಯ ಉಳಿಯಲಿಲ್ಲ.

ಬೀಗದ ಹುಚ್ಚು ಹಿಡಿದದ್ದು ಈಚೆಗೆ, ಒಂದು ಕಾರ್ಡಿನಿಂದ. ಶಾಲೆಯಲ್ಲಿ ಆರೋಗ್ಯ ತಪಾಸಣೆ ಮಾಡಿ, ಮಗಳ ಕಾರ್ಡಿನಲ್ಲಿ 'ರಕ್ತ: ಬಿ ಪಾಸಿಟಿವ್' ಅಂತ ಬರೆದು ಕಳಿಸಿದ್ದರು. ಟೈಲರಮ್ಮ ಗಂಡನ ಹಳೇ ಆಸ್ಪತ್ರೆ ಚೀಟಿ ಹುಡುಕಿ ತೆಗೆದಳು. ಅದರಲ್ಲೂ ಬಿ ಪಾಸಿಟಿವ್. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಳು. ಪಾಸಿಟಿವ್ ಅಂದ್ರೆ 'ಇದೆ' ಅಂತ ತಾನೇ? ಹೋದ ವರ್ಷ ಪಕ್ಕದ ಮನೆಯವರಿಗೆ ಕಾಮಾಲೆ ಪಾಸಿಟಿವ್ ಬಂದಾಗ ಕಾಮಾಲೆ ಇತ್ತಲ್ಲ! ಹಾಗಾದ್ರೆ ಈ ರಕ್ತದಲ್ಲಿ ಏನೋ ಇದೆ. ಅಪ್ಪನಲ್ಲಿದ್ದದ್ದೇ ಮಗಳಲ್ಲೂ ಇದೆ.

ಬಸ್ ಓಡಿಸೋ ಅಣ್ಣನ ಹತ್ತಿರ ಹೇಳಿಕೊಂಡಳು. ಅವನೋ, ಎಲ್ಲ ಬಲ್ಲವನ ಹಾಗೆ ತಲೆ ಆಡಿಸಿದ. "ಮತ್ತೇನಂದ್ಕೊಂಡೆ? ಕೊಲೆ ಮಾಡೋ ಬುದ್ಧಿ ರಕ್ತದಲ್ಲೇ ಬರೋದು ಕಣೇ. ಅದಕ್ಕೊಂದು ಜೀನ್ ಇದೆಯಂತೆ, ಪೇಪರಿನಲ್ಲಿ ಓದಿದೀನಿ."

ಅವತ್ತೇ ಟ್ರಂಕಿಗೆ ಬೀಗ ಬಿತ್ತು. ಕತ್ತರಿ ಎಲ್ಲಿ ಅಂತ ಗಿರಾಕಿಯೊಬ್ಬಳು ಕೇಳಿದಾಗ, ಟೈಲರಮ್ಮ ತಡೆಯಲಾರದೆ ಕಾರಣಾನೂ ಹೇಳಿಬಿಟ್ಟಳು. ಆ ಗಿರಾಕಿಯ ಮಗಳು ಗುಂಡಿಯ ತರಗತಿಯವಳೇ ಅನ್ನೋದು ಆಗ ಅವಳ ತಲೆಗೆ ಹೊಳೀಲಿಲ್ಲ.

ಈಗ ಆ ಶುಕ್ರವಾರಕ್ಕೆ ಬನ್ನಿ. ಮಧ್ಯಾಹ್ನ ಮೂರು ಗಂಟೆ. ನಾಲ್ಕಕ್ಕೆ ಹೆಡ್‌ಮೇಡಂ ಮುಂದೆ ಹಾಜರಾಗಬೇಕು. ಬುಧವಾರ ಗುಂಡಿ ಸ್ಟೀಲಿನ ನೀರಿನ ಬಾಟಲಿಯಲ್ಲಿ ಅದೇ ಗಿರಾಕಿಯ ಮಗಳ ಹಣೆಗೆ ಬಾರಿಸಿದ್ದಾಳೆ. ನಾಲ್ಕು ಹೊಲಿಗೆ ಬಿದ್ದಿವೆ. ಯಾಕೆ ಹೊಡೆದೆ ಅಂತ ಎಷ್ಟು ಕೇಳಿದರೂ ಹುಡುಗಿ ತುಟಿ ಬಿಚ್ಚಿಲ್ಲ. ಎರಡು ದಿನದಿಂದ ಒಳಕೋಣೆ ಬಿಟ್ಟು ಬಂದಿಲ್ಲ.

ಅಣ್ಣ ಮಷೀನಿನ ಮೇಲೆ ಒಂದು ಅರ್ಜಿ ಹರಡಿದ. ದೂರದ ಊರಿನ ಹಾಸ್ಟೆಲಿನದು. ಎತ್ತರದ ಗೋಡೆ, ಕಬ್ಬಿಣದ ಗೇಟು, ಹದಿನೆಂಟು ತುಂಬೋವರೆಗೂ ಹೊರಗೆ ಬಿಡೋದಿಲ್ಲ.

"ಸಹಿ ಹಾಕು. ಇವತ್ತು ಬಾಟಲಿ, ನಾಳೆ ಸಲಾಕೆ. ಆಮೇಲೆ ಅತ್ತರೆ ಏನು ಬಂತು?"

"ಅಣ್ಣಾ, ಅವಳಿನ್ನೂ ಒಬ್ಬಳೇ ಜಡೆ ಹಾಕ್ಕೊಳ್ಳೋದೂ ಕಲ್ತಿಲ್ಲ ಕಣೋ."

"ಅದಕ್ಕೇ ಹೇಳ್ತಿರೋದು. ಇನ್ನೂ ಚಿಕ್ಕವಳಿದ್ದಾಳೆ, ಈಗ್ಲೇ ಕಳಿಸು."

ಟೈಲರಮ್ಮ ಪೆನ್ನು ಹಿಡಿದಳು. ಪೆನ್ನಿನ ಮೊನೆ ಕಾಗದದ ಮೇಲೆ ಒಂದು ಚುಕ್ಕೆ ಇಟ್ಟಿತು. ಅಷ್ಟರಲ್ಲಿ ಬಾಗಿಲಲ್ಲಿ ದನಿ ಕೇಳಿಸಿತು. "ನನ್ನ ಕೋಟು ಆಯ್ತೇನ್ರೀ?"

ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡೋ ಲ್ಯಾಬ್ ಅಕ್ಕ. ಬಿಳಿ ಕೋಟು ಹೊಲಿಯಲು ಕೊಟ್ಟು ವಾರವಾಗಿತ್ತು. ಟೈಲರಮ್ಮ ಗಡಿಬಿಡಿಯಲ್ಲಿ ಕೋಟು ತೆಗೆದುಕೊಟ್ಟಳು. ತೋಳಿನ ತುದಿಯಲ್ಲಿ ನೂಲು ನೇತಾಡ್ತಿತ್ತು.

"ಅಯ್ಯೋ, ಒಂದು ನಿಮಿಷ ಅಕ್ಕ," ಅಂತ ಕುತ್ತಿಗೆಯಿಂದ ಕೀಲಿ ತೆಗೆದು ಟ್ರಂಕಿನ ಮುಂದೆ ಕೂತು ಕತ್ತರಿ ಹೊರಗೆ ತೆಗೆದಳು.

ಲ್ಯಾಬ್ ಅಕ್ಕ ಕಣ್ಣರಳಿಸಿದರು. "ಏನ್ರೀ ಇದು? ಕತ್ತರಿಗೇ ಬೀಗಾನಾ? ಚಿನ್ನದ್ದು ಮಾಡಿಸಿದ್ರಾ?"

ತಮಾಷೆಗೆ ಅಂದ ಮಾತು. ಟೈಲರಮ್ಮ ಗೊಳೋ ಅಂತ ಅತ್ತುಬಿಟ್ಟಳು. ಕಾರ್ಡು, ಚೀಟಿ, ಬಾಟಲಿ, ಅರ್ಜಿ, ಎಲ್ಲ ಒಂದೇ ಉಸಿರಿಗೆ ಹೊರಬಂತು.

ಲ್ಯಾಬ್ ಅಕ್ಕ ಸ್ಟೂಲು ಎಳೆದುಕೊಂಡು ಕೂತರು. "ದಿನಕ್ಕೆ ಮೂವತ್ತು ಜನರ ರಕ್ತ ನೋಡ್ತೀನಿ ನಾನು. ಬಿ ಅನ್ನೋದು ಗುಂಪಿನ ಹೆಸರು. ಪಾಸಿಟಿವ್ ಅಂದ್ರೆ ರಕ್ತದ ಕಣದ ಮೇಲೆ ಒಂದು ಬಗೆಯ ಪ್ರೋಟೀನು ಇದೆ ಅಂತ. ಒಬ್ಬರ ರಕ್ತ ಇನ್ನೊಬ್ಬರಿಗೆ ಕೊಡುವಾಗ ಹೊಂದಬೇಕಲ್ಲ, ಅದಕ್ಕೆ ಬರೆಯೋದು. ಅದರಲ್ಲಿ ಸಿಟ್ಟೂ ಇಲ್ಲ, ಕೊಲೆಯೂ ಇಲ್ಲ." ಆಮೇಲೆ ಅಣ್ಣನ ಕಡೆ ತಿರುಗಿದರು. "ಅಣ್ಣಾ, ನೀವು ಡ್ರೈವರ್ ಅಲ್ವಾ? ಲೈಸೆನ್ಸ್ ತೋರಿಸಿ ನೋಡೋಣ."

"ಯಾಕ್ರೀ? ನೀವೇನು ಪೊಲೀಸಾ?" ಅಂತ ಗೊಣಗುತ್ತಲೇ ತೆಗೆದ.

ಲ್ಯಾಬ್ ಅಕ್ಕ ಜೋರಾಗಿ ಓದಿದರು. "ರಕ್ತದ ಗುಂಪು: ಬಿ ಪಾಸಿಟಿವ್."

ಅಣ್ಣನ ಮುಖ ನೋಡಬೇಕಿತ್ತು ನೀವು! ಇಪ್ಪತ್ತು ವರ್ಷದಿಂದ ಜೇಬಿನಲ್ಲಿ ಇಟ್ಟುಕೊಂಡು ತಿರುಗ್ತಿದ್ದಾನೆ, ಒಂದು ದಿನ ಓದಿಲ್ಲ.

ಆದರೆ ಅವನು ಅಷ್ಟಕ್ಕೆ ಸೋಲೋ ಆಸಾಮಿಯಲ್ಲ. "ಸರಿ, ಗುಂಪು ಬಿಡಿ. ಸಿಟ್ಟು? ಅದು ಅಪ್ಪನದ್ದೇ, ಅಚ್ಚು ಹಾಕಿದ ಹಾಗೆ. ಜೀನ್ ಅಂತ ಬಂದಿತ್ತಲ್ಲ, ಸುಳ್ಳಾ?"

"ಕೊಲೆ ಮಾಡಿಸೋ ಜೀನ್ ಅಂತ ಒಂದಿಲ್ಲ ಅಣ್ಣಾ. ಸಿಟ್ಟು ಬೇಗ ಬರೋದು, ಹಿಂದೆ ಮುಂದೆ ನೋಡದೆ ನುಗ್ಗೋದು, ಇಂಥ ಸ್ವಭಾವ ಒಂದಿಷ್ಟು ಹುಟ್ಟಿನಿಂದ ಬರಬಹುದು. ಇಲ್ಲ ಅನ್ನಲ್ಲ. ಅದೂ ಎಷ್ಟೋ ಜೀನ್ ಸೇರಿ, ಒಂದೊಂದರಿಂದ ಚೂರುಚೂರು. ಆದ್ರೆ ಸ್ವಭಾವ ಬೇರೆ, ಅಪರಾಧ ಬೇರೆ. ನಡುವೆ ಎಷ್ಟೊಂದಿದೆ! ಮನೆ ಹೇಗಿದೆ, ಮಗು ಏಟು ತಿಂದು ಬೆಳೀತಾ, ಕುಡಿತ ಇದೆಯಾ, ಯಾರಾದ್ರೂ ಕೂರಿಸಿಕೊಂಡು ಮಾತು ಕೇಳ್ತಾರಾ... ಒಂದು ಕಾಲದಲ್ಲಿ ಕೆಲವರು ಕೈದಿಗಳ ತಲೆಬುರುಡೆ, ದವಡೆ ಎಲ್ಲ ಅಳೆದು ಇವರು ಹುಟ್ಟಾ ಅಪರಾಧಿಗಳು ಅಂದಿದ್ರು. ಆಮೇಲೆ ಅದು ಬರೀ ಬುರುಡೆ ಅಂತ ಗೊತ್ತಾಯ್ತು." ಟೈಲರಮ್ಮನ ಕೊರಳಲ್ಲಿದ್ದ ಟೇಪು ತೋರಿಸಿದರು. "ನೀವು ದಿನಾ ಅಳತೆ ತಗೋತೀರಿ. ಭುಜದ ಅಳತೆ ನೋಡಿ, ಇವರು ಸುಳ್ಳು ಹೇಳೋರು ಅಂತ ಹೇಳಬಲ್ಲಿರಾ?"

ಟೈಲರಮ್ಮ ಕಣ್ಣೀರಲ್ಲೇ ಇಲ್ಲ ಅಂತ ತಲೆಯಾಡಿಸಿದಳು.

"ಜಾರೋ ಬಟ್ಟೆ ಬಂದ್ರೆ ಏನು ಮಾಡ್ತೀರಿ?"

"ಹತ್ತಿರ ಹತ್ತಿರ ಪಿನ್ ಹಾಕ್ತೀನಿ. ನಿಧಾನ ಹೊಲೀತೀನಿ."

"ಎಸೀತೀರಾ?"

"ಯಾಕೆ ಎಸೀಲಿ? ಅದರ ಗುಣ ಗೊತ್ತಾದ್ರೆ ಚೆನ್ನಾಗೇ ಕೂರುತ್ತೆ."

ಅಂದವಳೇ ಮಷೀನಿನ ಮೇಲಿದ್ದ ಅರ್ಜಿ ನೋಡಿದಳು. ಗೋಡೆ ಗಡಿಯಾರದಲ್ಲಿ ಮೂರೂವರೆ.

ಒಳಕೋಣೆಯ ಬಾಗಿಲು ಕಿರ್ ಅಂತು. ಗುಂಡಿ ನಿಂತಿದ್ದಳು. ಅತ್ತು ಅತ್ತು ಮುಖ ಊದಿತ್ತು.

"ಅಮ್ಮಾ, ಅವಳು ಎಲ್ಲರ ಮುಂದೆ ಅಂದ್ಲು, 'ನಿಮ್ಮಮ್ಮನೇ ನಿಂಗೆ ಹೆದರ್ಕೊಂಡು ಕತ್ತರಿಗೆ ಬೀಗ ಹಾಕ್ತಾಳೆ' ಅಂತ. ಸುಳ್ಳು ಅಂದೆ. 'ನಮ್ಮಮ್ಮಂಗೆ ನಿಮ್ಮಮ್ಮನೇ ಹೇಳಿದ್ದು' ಅಂದ್ಲು. ಅದಕ್ಕೆ ಹೊಡೆದೆ." ಅಮ್ಮನ ಮುಖ ನೋಡಿದಳು. "ಸುಳ್ಳು ತಾನೇ ಅಮ್ಮಾ?"

ಟೈಲರಮ್ಮನಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಕತ್ತರಿ ಇನ್ನೂ ಅವಳ ಕೈಯಲ್ಲೇ ಇತ್ತು. ಎದ್ದು ಹೋಗಿ, ಹಿಡಿಯನ್ನು ಮಗಳ ಕಡೆ ಮಾಡಿ ಚಾಚಿದಳು.

"ನಿಜ ಪುಟ್ಟಿ. ನಾನೇ ಹಾಕಿದ್ದು, ನಾನೇ ಹೇಳಿದ್ದು. ತಪ್ಪು ಮಾಡಿದೆ. ತಗೋ, ಅಕ್ಕನ ಕೋಟಿನ ನೂಲು ಕತ್ತರಿಸಿಕೊಡು."

ಹುಡುಗಿ ಎರಡೂ ಕೈ ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು. "ಬೇಡಮ್ಮಾ. ನನ್ನ ರಕ್ತ ಸರಿಯಿಲ್ವಲ್ಲ. ಏನಾದ್ರೂ ಮಾಡಿಬಿಟ್ರೆ?"

ಬಾಟಲಿಯ ಏಟು ಆ ಹುಡುಗಿಯ ಹಣೆಗೆ ಬಿದ್ದಿತ್ತು. ಈ ಮಾತಿನ ಏಟು ಈ ಕೋಣೆಯಲ್ಲಿದ್ದ ಮೂರೂ ಜನ ದೊಡ್ಡವರಿಗೆ ಬಿತ್ತು. ಅಣ್ಣ ಕಿಟಕಿ ಕಡೆ ತಿರುಗಿ ಮೂಗೊರೆಸಿಕೊಂಡ.

"ನಿನ್ನ ರಕ್ತ ಚೆನ್ನಾಗಿದೆ ಕಣೇ," ಅಂದರು ಲ್ಯಾಬ್ ಅಕ್ಕ. "ಶಾಲೆಯ ಕಾರ್ಡಿಗೆ ನೋಡಿ ಬರೆದೋಳು ನಾನೇ. ನಿಮ್ಮ ಮಾವಂದೂ ಅದೇ ಗುಂಪು, ಬೇಕಾದ್ರೆ ಕೇಳು."

ಗುಂಡಿ ಮಾವನನ್ನು ನೋಡಿದಳು. ಅವನು ಹೌದು ಅಂತ ಲೈಸೆನ್ಸ್ ಎತ್ತಿ ತೋರಿಸಿದ. ಒಂದು ಕೈ ಮೆಲ್ಲಗೆ ಮುಂದೆ ಬಂತು. ಕಚಕ್! ನೂಲು ನೆಲಕ್ಕೆ ಬಿತ್ತು.

"ಈ ಅರ್ಜಿ ಏನು ಮಾಡ್ಲಿ?" ಅಂದ ಅಣ್ಣ, ಸಣ್ಣ ದನಿಯಲ್ಲಿ.

"ಇಲ್ಲಿ ಕೊಡು, ಕಾಲರಿನ ಅಚ್ಚು ಕತ್ತರಿಸೋಕೆ ಕಾಗದ ಬೇಕಿತ್ತು," ಅಂದಳು ಟೈಲರಮ್ಮ.

ನಾಲ್ಕು ಗಂಟೆಗೆ ಎಲ್ಲರೂ ಶಾಲೆಗೆ ಹೋದರು. ಹೊಡೆದದ್ದು ತಪ್ಪೇ, ಅದನ್ನು ಯಾರೂ ಮುಚ್ಚಿಡಲಿಲ್ಲ. ಗುಂಡಿ ಪೆಟ್ಟು ತಿಂದ ಹುಡುಗಿಯ ಕೈ ಹಿಡಿದು ಕ್ಷಮೆ ಕೇಳಿದಳು. ಅವಳ ಹಿಂದೆಯೇ ಟೈಲರಮ್ಮ ಕೂಡ ಕೇಳಿದಳು, ಆ ಹುಡುಗಿಯ ಹತ್ತಿರವೂ, ತನ್ನ ಮಗಳ ಹತ್ತಿರವೂ. ವಾರಕ್ಕೊಮ್ಮೆ ಆಪ್ತಸಮಾಲೋಚಕರ ಹತ್ತಿರ ಕೂತು, ಸಿಟ್ಟು ಬಂದಾಗ ಏನು ಮಾಡಬೇಕು ಅಂತ ಕಲೀಬೇಕು ಅಂದರು ಹೆಡ್‌ಮೇಡಂ. ಗುಂಡಿ ಶಾಲೆಯಲ್ಲೇ ಉಳಿದಳು. ಸಿಟ್ಟು ಈಗಲೂ ಬರುತ್ತೆ. ಬಂದಾಗ ಬಾಟಲಿ ಕೆಳಗಿಟ್ಟು ಹೊರಗೆ ಹೋಗಿ ನಿಲ್ತಾಳೆ. ಅವಳಮ್ಮನ ಕುತ್ತಿಗೆಯಲ್ಲಿ ಈಗ ಟೇಪು ಮಾತ್ರ ಇದೆ.

ಇದನ್ನು ಓದುತ್ತಿರೋ ಅಕ್ಕ ಅಣ್ಣಂದಿರೇ, ನಿಮ್ಮ ಬೀದಿಯಲ್ಲೂ ಜೈಲಿಗೆ ಹೋದವರ ಮಕ್ಕಳಿರಬಹುದು. 'ಅಪ್ಪನ ರಕ್ತ' ಅನ್ನೋ ಮಾತು ನಿಮ್ಮ ನಾಲಿಗೆ ತುದಿಗೆ ಬಂದರೆ, ದಯವಿಟ್ಟು ನುಂಗಿಕೊಳ್ಳಿ. ಮಗುವಿನ ಸಿಟ್ಟು ಕೈಮೀರ್ತಿದೆ ಅನ್ನಿಸಿದರೆ ಶಾಲೆಯಲ್ಲಿ ಕೇಳಿ, ಆರೋಗ್ಯ ಕೇಂದ್ರದಲ್ಲಿ ಕೇಳಿ, ಸಹಾಯ ಮಾಡುವವರು ಇದ್ದಾರೆ. ಮತ್ತೆ, ನಿಮ್ಮ ಮನೆಯಲ್ಲಿ ಯಾವ ಮಗುವಿಗಾದರೂ ಹೆದರಿ ಏನಾದರೂ ಬಚ್ಚಿಟ್ಟಿದ್ದರೆ, ಇವತ್ತೇ ಆ ಮಗುವಿನ ಪಕ್ಕ ಕೂತು ಮಾತಾಡಿ. ನೀವು ಬೀಗ ಹಾಕಿದ್ದು ಯಾಕೆ ಅಂತ ಅದಕ್ಕೆ ಆಗಲೇ ಗೊತ್ತಾಗಿರುತ್ತೆ.