ಇಪ್ಪತ್ತರ ಎಣಿಕೆ

ಷೆಡ್ಡಿನ ಮೂಲೆಯಲ್ಲಿದ್ದ ಕಂಪ್ಯೂಟರಿಗೆ ಅಜ್ಜ ಎಂದು ಹೆಸರಿಟ್ಟವನು ತಮ್ಮ. ಅಕ್ಕನಿಗೆ ಅದರ ಹೆಸರೂ ಬೇಡ, ಮೋರೆಯೂ ಬೇಡ. ಅದು ಕೆಲಸ ಮಾಡಿದರೆ ಸಾಕಿತ್ತು. ಮೀಟರ್ ಪೆಟ್ಟಿಗೆಗಳ ತಗಡಿಗೆ ಎಲ್ಲೆಲ್ಲಿ ತೂತು ಬೀಳಬೇಕೆಂದು ಅದು ಹೇಳಬೇಕು, ಪಂಚಿಂಗ್ ಯಂತ್ರ ಹೊಡೆಯಬೇಕು. ಈಚೆಗೆ ಹತ್ತು ತೂತಿಗೊಮ್ಮೆ ಅದರ ಪರದೆ ಕಲ್ಲಾಗಿಬಿಡುತ್ತಿತ್ತು. ಯಂತ್ರವೂ ತೂತು ಹೊಡೆಯುವ ಪಂಚನ್ನು ಮೇಲೆತ್ತಿಕೊಂಡು ಕಾಯುತ್ತಾ ನಿಲ್ಲುತ್ತಿತ್ತು.

“ಅಜ್ಜ ತೂಕಡಿಸ್ತಿದ್ದಾನೆ,” ಅನ್ನುತ್ತಿದ್ದ ತಮ್ಮ.

ಆ ತೂಕಡಿಕೆ ಇಪ್ಪತ್ತು ಎಣಿಸುವಷ್ಟು ಹೊತ್ತು. ಹೆಚ್ಚಿಲ್ಲ, ಕಡಿಮೆಯಿಲ್ಲ. ಅಷ್ಟರಲ್ಲಿ ಅವನು ಪಂಚಿನ ಕೆಳಗೆ ಕೈಹಾಕಿ ತಗಡಿನ ಚೂರುಗಳನ್ನು ಬಳಿದು ತೆಗೆಯುತ್ತಿದ್ದ. ಗಟ್ಟಿಯಾಗಿ ಎಣಿಸುತ್ತಿದ್ದ. ಹದಿನೈದಕ್ಕೆ ಕೈ ಹೊರಗೆ. ಯಂತ್ರ ಆಫ್ ಮಾಡಿಯೇ ಬಳಿಯಬೇಕೆಂಬುದು ಇಬ್ಬರಿಗೂ ಗೊತ್ತಿತ್ತು. ಆದರೆ ಆಫ್ ಮಾಡಿದರೆ ಕಂಪ್ಯೂಟರು ಎಲ್ಲಿ ನಿಂತಿದ್ದೆ ಅನ್ನುವುದನ್ನೇ ಮರೆತು ಮೊದಲ ತೂತಿನಿಂದ ಶುರುಮಾಡುತ್ತಿತ್ತು, ಆ ತಗಡು ಗುಜರಿಗೆ ಹೋಗುತ್ತಿತ್ತು. ಯಂತ್ರದ ಮುಂದಿನ ಜಾಲರಿ ಬಾಗಿಲನ್ನು ತಂತಿ ಬಿಗಿದು ಮೇಲಕ್ಕೆ ಕಟ್ಟಿ ವರ್ಷಗಳಾಗಿದ್ದವು. ಕಟ್ಟಿದವಳು ಅಕ್ಕನೇ.

ರಿಪೇರಿಯವನು ಬಂದು ಕಂಪ್ಯೂಟರಿನ ಪಕ್ಕೆ ಬಿಚ್ಚಿದ. ಧೂಳು ಊದಿದ, ಕೆಮ್ಮಿದ.

“ಮೇಡಂ, ಇದನ್ನ ಎತ್ತಿ ಪಕ್ಕಕ್ಕಿಡಿ. ಹೊಸದು ಹಾಕೋಣ. ಯಂತ್ರದೊಳಗಿನ ಕಾರ್ಡೂ ಬದಲಾಗ್ಬೇಕು. ಆಗ ಜಾಲರಿ ತೆರೆದಿದ್ರೆ ಯಂತ್ರ ಅಲ್ಲಾಡೋದೇ ಇಲ್ಲ. ಇದು ಜಾಲರಿ ಕಡೆ ತಿರುಗೂ ನೋಡಲ್ಲ.”

“ಕೆಲಸ ಎಷ್ಟು ದಿನ ನಿಲ್ಲುತ್ತೆ?”

“ಹದಿನೈದು ದಿನ.”

“ಹದಿನೈದು ದಿನ ಕೈಕಟ್ಟಿ ಕೂತ್ರೆ ಪೆಟ್ಟಿಗೆ ಯಾರು ಕೊಡ್ತಾರಪ್ಪ, ನಿಮ್ಮ ಮಾವನಾ? ಶನಿವಾರಕ್ಕೆ ಇನ್ನೂರು ಕೊಡ್ತೀನಿ ಅಂತ ಮಾತು ಕೊಟ್ಟಿದ್ದೀನಿ.”

“ಹಂಗಾದ್ರೆ ಇದಕ್ಕೇ ಮೆಮೊರಿ ಹೆಚ್ಚಿಸಿ, ಹೊಸ ಡಿಸ್ಕ್ ಹಾಕ್ತೀನಿ. ಒಂದೇ ದಿನ. ಚುರುಕಾಗುತ್ತೆ. ಆದ್ರೆ ಜಾಲರಿ ವಿಷಯ...”

“ಚುರುಕಾದ್ರೆ ಸಾಕು.”

ತಮ್ಮ ಹಳೆ ಬಟ್ಟೆಗೆ ಕೈ ಒರೆಸುತ್ತಾ ಹತ್ತಿರ ಬಂದ. “ಅಕ್ಕ, ಇನ್ನೊಂದ್ಸಲ ಯೋಚ್ನೆ ಮಾಡು. ಅದರೊಳಗೆ ಹೋಗೋದು ನನ್ನ ಕೈ.”

“ಇಷ್ಟು ವರ್ಷ ಯಾರ ಕೈ ಹೋಗ್ತಿತ್ತೋ? ಮದುವೆಯಾದ್ಮೇಲೆ ಭಾರೀ ನಾಜೂಕಾಗಿದ್ದೀಯ.”

ತಮ್ಮ ನಕ್ಕ. ಅಪ್ಪ ಹೋದ ಮೇಲೆ ತನ್ನನ್ನು ಸಾಕಿದವಳ ಎದುರು ಅವನು ಒಂದು ಮಾತಿಗೆ ಎರಡು ಆಡಿದವನಲ್ಲ. ಆ ನಗು ಕಂಡು ಅವಳು ತುಸು ಮೆತ್ತಗಾದಳು.

“ಇದೊಂದು ಆರ್ಡರ್ ಮುಗೀಲಿ ಕಣೋ. ಆಮೇಲೆ ಹೊಸದೇ ತರೋಣ.”

ಮರುದಿನವೇ ಮೆಮೊರಿ ಬಂತು, ಡಿಸ್ಕ್ ಬಂತು. ಅದರ ಮರುದಿನ ಬೆಳಿಗ್ಗೆಯಿಂದ ಯಂತ್ರ ಬಿಡುವಿಲ್ಲದೆ ಹೊಡೆಯಿತು. ಒಂದು ಸಲವೂ ಪರದೆ ಕಲ್ಲಾಗಲಿಲ್ಲ.

“ಅಜ್ಜನಿಗೆ ಹೆಣ್ಣು ನೋಡ್ಬಹುದು ಅಕ್ಕ!” ಎಂದು ತಮ್ಮ ಕೂಗಿದ. ಅವಳಿಗೂ ನಗು ಬಂತು. ತಾನು ಹೇಳಿದ್ದೇ ಸರಿಯಾಯಿತೆಂದು ಎದೆ ಉಬ್ಬಿತು. ಜಾಲರಿಯ ಮಾತು ನೆನಪಿಗೇ ಬರಲಿಲ್ಲ.

ಊಟ ಮುಗಿಸಿ ಬಂದ ಮೇಲೆ ಯಂತ್ರದ ಸದ್ದು ತಟ್ಟನೆ ನಿಂತಿತು.

“ಓಹೋ, ಮುದುಕ ಹಳೇ ಚಾಳಿ ಬಿಟ್ಟಿಲ್ಲ,” ಎಂದ ತಮ್ಮ. ಬೆಳಗಿನಿಂದ ಬಳಿಯದೆ ಚೂರುಗಳು ರಾಶಿ ಬಿದ್ದಿದ್ದವು. ಅಕ್ಕ ಬೆನ್ನು ತಿರುಗಿಸಿ ಕೂತು ಪೆಟ್ಟಿಗೆಗೆ ತಿರುಪು ಹಾಕುತ್ತಿದ್ದಳು. ಅವನ ಎಣಿಕೆ ಕಿವಿಗೆ ಬೀಳುತ್ತಿತ್ತು.

ನಾಲ್ಕು. ಐದು. ಆರು.

ಏಳು ಬರಲಿಲ್ಲ. ಪಂಚು ಬಿದ್ದ ಸದ್ದು ಬಂತು. ಅವಳು ಎದ್ದು ಬಿದ್ದು ಓಡಿ ಕೆಂಪು ಗುಂಡಿ ಒತ್ತುವಷ್ಟರಲ್ಲಿ ಅದು ಇನ್ನೆರಡು ಸಲ ಬಿದ್ದಿತ್ತು. ಇಪ್ಪತ್ತು ಎಣಿಸುವಷ್ಟು ಹೊತ್ತು ಬೇಕಿದ್ದ ತೂಕಡಿಕೆಯನ್ನು ಚುರುಕಾದ ಕಂಪ್ಯೂಟರು ಆರಕ್ಕೇ ಮುಗಿಸಿತ್ತು.

ಬಲಗೈಯ ಮೂರು ಬೆರಳು ಹೋದವು. ಆಸ್ಪತ್ರೆಯ ಮಂಚದ ಒಂದು ಪಕ್ಕ ಅವನ ಹೆಂಡತಿ ಕೂತಿದ್ದಳು. ಗಂಡನ ಅಕ್ಕನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ತಮ್ಮನಿಗೆ ಎಚ್ಚರವಾದಾಗ ಅಕ್ಕ ಕಾಲ ಬಳಿ ನಿಂತಿದ್ದಳು.

“ಅಕ್ಕ, ನಾನು ಸರಿಯಾಗೇ ಎಣಿಸಿದ್ದೆ ಅಲ್ವಾ?”

“ಸರಿಯಾಗೇ ಎಣಿಸಿದ್ದೆ ಕಣೋ.”

“ಅಜ್ಜನದೂ ತಪ್ಪಿಲ್ಲ ಬಿಡು. ಬೇಗ ಎದ್ದ, ಅಷ್ಟೆ.”

ಇನ್ಯಾರ ತಪ್ಪೆಂದು ಅವನು ಹೇಳಲಿಲ್ಲ. ಹೇಳಿದ್ದರೆ ಅವಳು ಎಂದಿನಂತೆ ರೇಗಬಹುದಿತ್ತು.

ಮರುದಿನ ಬೆಳಿಗ್ಗೆ ರಿಪೇರಿಯವನು ಷೆಡ್ಡಿನ ಬಾಗಿಲಲ್ಲೇ ನಿಂತ. ಒಳಗೆ ಬರಲಿಲ್ಲ.

“ಹೊಸದೇ ಹಾಕಿಬಿಡು,” ಎಂದಳು ಅಕ್ಕ.

“ಹದಿನೈದು ದಿನ ಆಗುತ್ತೆ ಮೇಡಂ.”

“ಆಗ್ಲಿ.”

ಅವಳು ಇಕ್ಕಳ ತಂದು ಜಾಲರಿಗೆ ಬಿಗಿದಿದ್ದ ತಂತಿಯನ್ನು ಹಿಡಿದಳು. ತುಕ್ಕು ಹಿಡಿದ ಗಂಟು ಎರಡೇ ತಿರುವಿಗೆ ಕಳಚಿತು. ಜಾಲರಿ ತಾನಾಗಿಯೇ ಕೆಳಗಿಳಿದು, ಟಕ್ ಎಂದು ಮುಚ್ಚಿಕೊಂಡಿತು.