ಕಲ್ಲು ಒಡೆದವನ ಮುಖ

ಕ್ಷೌರಿಕ ಸತ್ತವನ ಗಡ್ಡಕ್ಕೆ ಸೋಪು ಹಚ್ಚಿ ಕತ್ತಿ ಎಳೆಯುತ್ತಿದ್ದಾಗ ಮಗಳು ಚೀಲ ಹಿಡಿದು ಬಾಗಿಲಲ್ಲಿ ಬಂದು ನಿಂತಳು. ಅವಳು ಈ ಮನೆಯ ಹೊಸ್ತಿಲು ತುಳಿದು ವರ್ಷಗಳೇ ಆಗಿದ್ದವು.

"ಬನ್ನಿ ಅಮ್ಮಾ," ಎಂದ ಕ್ಷೌರಿಕ. "ನನ್ನ ಅಂಗಡೀಲೂ ಇವರು ಹೀಗೇ ಕೂರ್ತಿದ್ರು. ಎಷ್ಟು ತಮಾಷೆ ಮಾಡಿದ್ರೂ ಮುಖದ ಒಂದು ಗೆರೆ ಅಲ್ಲಾಡ್ತಿರ್ಲಿಲ್ಲ. ಕತ್ತಿ ಹಿಡಿಯೋನಿಗೆ ಇಂಥ ಗಿರಾಕಿ ಸಿಗಬೇಕು."

"ಬಿಗುಮುಖ ಅಂತ ಊರೇ ಕರೀತಿತ್ತಲ್ಲ," ಎಂದಳು ಮಗಳು. ಅಳು ಬರಲಿಲ್ಲ. ಒಂದೇ ಪ್ರಶ್ನೆ ಕೊರೆಯುತ್ತಿತ್ತು: ನಾನು ಬೇಡವೆಂದುಕೊಂಡೇ ಹೋದನೇ ಈತ?

ಅವಳ ತಮ್ಮ ಗೋಡೆಗೆ ಒರಗಿ ನಿಂತಿದ್ದ. ಅಪ್ಪ ಗುಡ್ಡದ ಮ್ಯಾಂಗನೀಸ್ ಗಣಿಯಲ್ಲಿ, ಕಲ್ಲು ಪುಡಿಮಾಡುವ ಯಂತ್ರದ ಬಾಯಿಯ ಬಳಿ ನಿಂತು ಆಯುಷ್ಯ ಸವೆಸಿದವನು. ಕೈಕಾಲು ಸೆಟೆದು ಹಾಸಿಗೆ ಹಿಡಿದಾಗ ಆ ಜಾಗಕ್ಕೆ ಇವನು ಹೋಗಿದ್ದ. ಅಲ್ಲಿಯ ಕರಿಕಲ್ಲು ರೈಲುಡಬ್ಬಿ ಹತ್ತಿ ಉಕ್ಕಿನ ಕುಲುಮೆಗೆ ಹೋಗುತ್ತದೆ. ಅದು ಬೆರೆಯದಿದ್ದರೆ ಹಳಿ ಗಟ್ಟಿಯಾಗುವುದಿಲ್ಲವಂತೆ.

*

ವರ್ಷಗಳ ಹಿಂದೆ, ತನ್ನ ಚೊಚ್ಚಲ ಮಗುವನ್ನು ಅಪ್ಪನ ತೊಡೆಯ ಮೇಲೆ ಮಲಗಿಸಿದ ದಿನ ಅವಳು ಅವನ ಮುಖವನ್ನೇ ನೋಡುತ್ತ ಕೂತಿದ್ದಳು. ಕೂಸು ಅವನ ಬೆರಳು ಹಿಡಿದುಕೊಂಡಿತು. ಅವನು ಗೋಡೆ ನೋಡುವವನ ಹಾಗೆ ನೋಡಿದ.

"ಚೆನ್ನಾಗಿದೆ," ಎಂದ. ದನಿಯಲ್ಲಿ ಏರಿಳಿತವಿಲ್ಲ.

"ಹೆಣ್ಣು ಅಂತ ತಾನೆ ಅಪ್ಪಾ?"

"ಅಲ್ಲಮ್ಮ."

"ಮತ್ತೆ ಒಂದು ನಗು ಬರಬಾರದಾ ನಿಂಗೆ?"

ಅವಳು ಮಗುವನ್ನು ಕಿತ್ತುಕೊಂಡು ಆವತ್ತೇ ಬಸ್ಸು ಹತ್ತಿದಳು.

*

ಹೆಣ ಎತ್ತುವ ಹೊತ್ತಿಗೆ ಗಣಿಯ ಹಳಬರು ಮೂವರು ಬಂದರು. ಹಿಮ್ಮಡಿ ಊರದೆ, ಹುಂಜದ ಹಾಗೆ ತುದಿಗಾಲಲ್ಲಿ ನಡೆದು ಬಂದರು.

"ಸಾವಿನ ಮನೆಗೂ ಕುಡಿದೇ ಬರಬೇಕಾ," ಪಕ್ಕದ ಮನೆಯವಳು ಗೊಣಗಿದಳು.

ಮಗಳು ತಲೆ ಎತ್ತಿದಳು. ಮೂರೂ ಮುಖ ಅಪ್ಪನದೇ. ಮೂಗು ಬೇರೆ, ಬಣ್ಣ ಬೇರೆ, ಸೆಟೆತ ಮಾತ್ರ ಅದೇ. ಹಿರಿಯವನ ಕಣ್ಣಿಂದ ನೀರು ಇಳಿಯುತ್ತಿತ್ತು. ಮುಖಕ್ಕೆ ಅದರ ಸುದ್ದಿಯೇ ಇರಲಿಲ್ಲ.

"ಏನಾಗಿದೆ ನಿಮಗೆ, ದೊಡ್ಡಪ್ಪಾ?"

"ಗಣಿಯ ಕರಿಪುಡಿ ಮಗಳೇ. ಉಸಿರಲ್ಲಿ ಹೋಗಿ ತಲೆಗೆ ಸೇರುತ್ತಂತೆ. ಡಾಕ್ಟರು ಹೇಳೋವರೆಗೆ ನಮಗೂ ಗೊತ್ತಿರ್ಲಿಲ್ಲ. ಒಳಗೆ ಎಲ್ಲಾ ಇರುತ್ತೆ, ಮುಖ ಮಾತ್ರ ಹೇಳಿದ್ದು ಕೇಳಲ್ಲ."

ಮುದುಕ ಮುಂದುವರಿಸಿದ.

"ನಿಮ್ಮಪ್ಪ ಊಟದ ಹೊತ್ತಲ್ಲಿ ಕನ್ನಡಿ ಚೂರು ಹಿಡ್ಕೊಂಡು ಕೆನ್ನೇನ ಬೆರಳಲ್ಲಿ ಎತ್ತಿ ಎತ್ತಿ ನೋಡ್ತಿದ್ದ. ಮೊಮ್ಮಗಳು ಬಂದ್ರೆ ನಗಬೇಕು ಕಣ್ರೋ ಅಂತ. ಮಗಳಿಗೆ ವಿಷಯ ತಿಳಿಸೋ ಅಂದ್ರೆ, ಗಂಡನ ಮನೇಲಿ ಸುಖವಾಗಿದಾಳೆ, ಬಿಡ್ರೋ ಅಂದ. ಅವನ ಕನ್ನಡಿ ಆಟ ನೋಡಿ ನಾವು ನಕ್ಕಿದ್ದೇ ನಕ್ಕಿದ್ದು." ಕಣ್ಣೊರೆಸಿಕೊಂಡ. "ನಕ್ಕಿದ್ದು ಯಾರಿಗೂ ಕಾಣ್ಲಿಲ್ಲ ಅಷ್ಟೆ."

ಅವಳು ಅಪ್ಪನ ಪಕ್ಕ ಕೂತು, ಆಗಷ್ಟೇ ಬೋಳಿಸಿದ ಆ ಕೆನ್ನೆಗೆ ತನ್ನ ಕೆನ್ನೆ ಇಟ್ಟಳು. ಎಬ್ಬಿಸಲು ಇಬ್ಬರು ಬೇಕಾಯಿತು.

ಮಣ್ಣು ಮಾಡಿ ಬಂದಮೇಲೆ ಅವಳ ತಮ್ಮ ಹಿತ್ತಲ ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದ. ಅವಳು ಹೋಗಿ ಎದುರು ನಿಂತಳು.

"ಇಲ್ಲಿ ನೋಡು. ಒಂದ್ಸಲ ನಗು."

"ತಲೆ ಕೆಟ್ಟಿದೆಯಾ ಅಕ್ಕಾ? ಇವತ್ತಾ?"

"ಹಲ್ಲು ಕಾಣೋ ಹಾಗೆ ನಗೋ. ನನ್ನಾಣೆ."

ಅವನು ಮುಖ ಎತ್ತಿದ. ಅವಳು ಕಾದಳು. ಬಕೆಟ್ಟು ತುಂಬಿ ನೀರು ಇಬ್ಬರ ಕಾಲಿಗೂ ಹರಿಯಿತು.

"ನಗೋ ಬೇಗ."

"ನಗ್ತಾ ಇದೀನಲ್ಲಕ್ಕಾ."